ಶಕ್ತಿ ಮಾತ್ರೆ

ಆರು, ಎಂಟು — ಸಿಸ್ಟರ್ ಕೈಯಲ್ಲಿರುವ ಹಳೆಯ ಪ್ಲಾಸ್ಟಿಕ್ ಸ್ಕೇಲು ನೀಲಿ ತಟ್ಟೆಯ ಮೇಲೆ ಬಿಳಿ ಮಾತ್ರೆಗಳನ್ನು ಎರಡೆರಡಾಗಿ ಆಚೆ ಬದಿಗೆ ಸರಿಸುತ್ತಿದೆ, ಟಿಕ್ ಟಿಕ್ ಎಂಬ ಸಣ್ಣ ಸದ್ದು, ಕೇಳುತ್ತಾ ಕೂತರೆ ಕಣ್ಣು ತಾನಾಗಿಯೇ ಎಳೆಯುತ್ತದೆ, ಬೆಳಿಗ್ಗೆ ಆರಕ್ಕೇ ಲಾಂಡ್ರಿಯಲ್ಲಿ ನಿಂತು ಹೋಟೆಲಿನ ನಲವತ್ತು ಬೆಡ್‌ಶೀಟಿಗೆ ಇಸ್ತ್ರಿ ಹಾಕಿ ಬಂದವಳಿಗೆ ಆಸ್ಪತ್ರೆಯ ಈ ಮರದ ಬೆಂಚೇ ಸುಪ್ಪತ್ತಿಗೆ, ಕಣ್ಣು ಮುಚ್ಚಿದರೆ ರೆಪ್ಪೆಯ ಒಳಗೂ ಹಬೆ, ಬಿಳಿ ಬಟ್ಟೆ, ಮಡಿಕೆಯ ಮೇಲೆ ಮಡಿಕೆ, ಇನ್ನೂ ಸ್ವಲ್ಪ ಹೊತ್ತು ಹೀಗೇ ಎಣಿಸುತ್ತಿರಲಿ ಈ ಮಹಾತಾಯಿ — ಇಲ್ಲಿಗೆ ಬರುವ ಹೆಂಗಸರೆಲ್ಲ ಸೇರಿ ಇಟ್ಟ ಹೆಸರೇ ಎಣಿಕೆ ಸಿಸ್ಟರ್, ಬೇರೆ ನರ್ಸುಗಳು ಡಬ್ಬಿ ಅಲ್ಲಾಡಿಸಿ ನೋಡಿ ಹೂಂ ಹೋಗು ಅನ್ನುತ್ತಾರೆ, ಈ ಸಿಸ್ಟರ್ ಮಾತ್ರ ಒಂದೊಂದನ್ನೂ ಮುಟ್ಟಿ ನೋಡಿದ ಮೇಲೆಯೇ ಮುಖ ನೋಡುವುದು — ಒಂಬತ್ತು. ಸ್ಕೇಲು ಅಲ್ಲಿಗೇ ನಿಂತಿತು. ಸದ್ದು ನಿಂತದ್ದಕ್ಕೇ ಬೆಂಚಿನ ಮೇಲಿದ್ದ ಇವಳಿಗೆ ಎಚ್ಚರವಾಯಿತು, ಸಿಸ್ಟರ್ ಡಬ್ಬಿಯನ್ನು ತಲೆಕೆಳಗು ಮಾಡಿ ತಟ್ಟಿದಳು, ಬೆರಳು ಹಾಕಿ ಹತ್ತಿಯನ್ನು ಎಳೆದು ಬಿಡಿಸಿ ನೋಡಿದಳು, ಏನೂ ಇಲ್ಲ, ತೊಂಬತ್ತು ಕೊಟ್ಟಿದ್ದೆ, ಇವತ್ತಿಗೆ ಅರವತ್ತು ದಿನ, ಮೂವತ್ತು ಇರಬೇಕಿತ್ತು, ಇಪ್ಪತ್ತೊಂದು ಎಲ್ಲಿಗೆ ಹೋಯ್ತು ತಂಗಿ. ದನಿ ಏರಿಸಲಿಲ್ಲ, ಏರಿಸುವುದೇ ಇಲ್ಲ, ಎದ್ದು ಹೋಗಿ ಹಸಿರು ಪರದೆಯನ್ನು ಪೂರ್ತಿ ಎಳೆದು ಬಂದು ಮೇಜಿನ ಆಚೆ ಕೂರುವ ಬದಲು ಬೆಂಚಿನ ಮೇಲೆ ಇವಳ ಮಗ್ಗುಲಿಗೇ ಕೂತಳು.

ಮರೆತು ದಿನಕ್ಕೆ ಎರಡು ತಿಂದೆಯಾ — ಇಲ್ಲ ಸಿಸ್ಟರ್. ಎಲ್ಲಾದರೂ ಚೆಲ್ಲಿತಾ — ಇಲ್ಲ. ಯಾರಿಗಾದರೂ ಕೊಟ್ಟೆಯಾ, ಕೊಟ್ಟಿದ್ದರೆ ಹೇಳು, ನಾನು ಬಯ್ಯಲ್ಲ. ಯಾರಿಗೆ ಕೊಡಲಿ, ಎಚ್‌ಐವಿ ಮಾತ್ರೆಯನ್ನು ಯಾರಿಗೆ ಕೊಡಲಿ, ಅದು ಮನೆಯಲ್ಲಿದೆ ಎಂದು ಗೋಡೆಗೂ ಗೊತ್ತಾಗಬಾರದೆಂದು ವಿಟಮಿನ್ ಡಬ್ಬಿಗೆ ಸುರಿದು, ಅಲ್ಲಾಡಿದರೆ ಸದ್ದಾಗದಂತೆ ಮೇಲೆ ಹತ್ತಿ ಅಮುಕಿ ಇಡುವವಳು ಇವಳು, ಬೆಳಿಗ್ಗೆ ಐದೂವರೆಗೆ ಬೆರಳಲ್ಲೇ ಒಂದನ್ನು ಹುಡುಕಿ ತೆಗೆದು ನುಂಗುತ್ತಾಳೆ, ಡಬ್ಬಿಯ ಒಳಗೆ ಇಣುಕುವುದಿಲ್ಲ, ನಾಲ್ಕೂವರೆ ವರ್ಷದಲ್ಲಿ ಒಂದು ದಿನವೂ ಇಣುಕಿದ್ದಿಲ್ಲ, ನೋಡಿದರೆ ಸತ್ತ ಗಂಡನ ನೆನಪು ಬರುತ್ತದೆ, ಅದಕ್ಕೇ — ಮನೆಯಲ್ಲಿ ಬೇರೆ ಯಾರಿದ್ದಾರೆ ಎಂದು ಸಿಸ್ಟರ್ ಕೇಳಿದಳು. ಯಾರೂ ಇಲ್ಲ, ಅತ್ತೆ ಒಬ್ಬರೇ. ಅತ್ತೆ ಎಂದು ಬಾಯಿಂದ ಹೊರಬಿದ್ದದ್ದೇ ತಡ ಬೆಳಗಿನ ಚಹಾ ಕಣ್ಣ ಮುಂದೆ ಬಂತು, ಅತ್ತೆ ಲೋಟದ ಅಂಚಿಗೆ ಊದುತ್ತಾ, ಕೇಳೇ ಇಲ್ಲಿ, ರಾತ್ರಿ ಮತ್ತೆ ಕನಸಲ್ಲಿ ಬಂದಿದ್ದ ಕಣೇ, ಎಷ್ಟು ನಿಚ್ಚಳವಾಗಿ, ಸಲೂನಿನ ಮುಂದೆ ಇಡೀ ಬೀದಿ ಸಾಲು ನಿಂತಿದೆ, ಎಲ್ಲರಿಗೂ ಪುಕ್ಕಟೆ ಕಟಿಂಗು, ನಾನು ಹೋದರೆ ಅಮ್ಮ ನೀನೂ ಸಾಲಲ್ಲಿ ಬಾ ಅಂತಾನೆ, ನೋಡು ಎಂಥ ಮಗ — ಎಂದು ನಗುತ್ತಿದ್ದರು, ಅದರ ಹಿಂದಿನ ದಿನ ಮಗ ಶಾಲೆಯ ಚಡ್ಡಿಯಲ್ಲಿ ಬಂದಿದ್ದನಂತೆ, ಅದರ ಹಿಂದಿನ ದಿನ ಹೊಸ ಅಂಗಿ, ಅಂಗಿಯ ಗುಂಡಿಯ ಬಣ್ಣ ಕೂಡ ಹೇಳಿದರು, ವಯಸ್ಸಾಯಿತು, ಅರಳುಮರಳು ಎಂದುಕೊಂಡು ಇವಳು ಹೂಂಗುಟ್ಟುತ್ತಾ ಚಪ್ಪಲಿ ಮೆಟ್ಟುತ್ತಿದ್ದಳು. ಮೂರು ವಾರದಿಂದ. ಇಪ್ಪತ್ತೊಂದು ದಿನ ಅಂದರೆ ಮೂರು ವಾರ. ಈ ಮಾತ್ರೆ ಕೆಲವರಿಗೆ ಕನಸು ತರುತ್ತೆ, ಹೆದರಬೇಡ, ಬಣ್ಣಬಣ್ಣದ ಕನಸು, ಆಮೇಲೆ ತಾನಾಗೇ ಕಡಿಮೆ ಆಗುತ್ತೆ — ಮೊದಲ ದಿನ ಇದೇ ಬೆಂಚಿನ ಮೇಲೆ ಇದೇ ಸಿಸ್ಟರ್ ಹೇಳಿದ್ದಳಲ್ಲ, ಇವಳ ಕೈಯನ್ನು ಎಳೆದು ಬಿಡಿಸಿ ಅಂಗೈಯ ನಡುವೆ ಒಂದು ಬಿಳಿ ಮಾತ್ರೆ ಇಟ್ಟು, ನೋಡಿಕೋ, ಇಷ್ಟೇ ಇರೋದು, ಇದನ್ನ ನೀನು ಬಿಡದಿದ್ದರೆ ಇದೂ ನಿನ್ನನ್ನ ಬಿಡಲ್ಲ, ಮುದುಕಿ ಆಗೋವರೆಗೂ ಬಟ್ಟೆ ಇಸ್ತ್ರಿ ಮಾಡಿಕೊಂಡು ಇರ್ತೀಯ. ಆಗ ಮಾತ್ರೆ ಎರಡು ಸಲ ಅಂಗೈಯಿಂದ ಜಾರಿ ನೆಲಕ್ಕೆ ಬಿದ್ದಿತ್ತು, ಸಿಸ್ಟರ್ ಎರಡು ಸಲವೂ ಹೊಸದನ್ನು ಇಟ್ಟಿದ್ದಳು.

ಅತ್ತೆ ತಿಂದಿದ್ದಾರೆ ಸಿಸ್ಟರ್ ಎಂದಳು, ಎಂದ ಮೇಲೆ ನಗು ಬಂತು, ನಗುವ ಹೊತ್ತೇ ಇದು, ಆದರೂ ಬಂತು, ಯಾಕೆಂದರೆ ಎಲ್ಲ ಒಟ್ಟಿಗೆ ನೆನಪಾಯಿತು, ಏನೇ ನಿನ್ನ ಕೆನ್ನೆ, ಮದುವೆ ಆದಾಗ ಕಡ್ಡಿ ಥರ ಇದ್ದವಳು, ನನ್ನ ಮಗ ಹೋದಮೇಲೆ ತುಂಬ್ಕೊಂಡಿದ್ದೀಯಲ್ಲ, ಆ ಶಕ್ತಿ ಮಾತ್ರೆ ನನಗೂ ತಂದುಕೊಡೇ, ಮಂಡಿ ಹಿಡ್ಕೊಳ್ಳುತ್ತೆ — ಅದು ನಿಮ್ಮ ವಯಸ್ಸಿನವರಿಗಲ್ಲ ಅತ್ತೆ ಎಂದಿದ್ದಳು ಇವಳು, ವಯಸ್ಸಿನ ಮಾತೆತ್ತಿದರೆ ಅತ್ತೆ ಸುಮ್ಮನಿರುತ್ತಾರೆಯೇ, ಬೇಡ ಅಂದದ್ದನ್ನು ಮಾಡಿಯೇ ತೀರುವ ಹೆಂಗಸು, ತಲೆಗೆ ಬಣ್ಣ ಹಚ್ಚಬೇಡಿ, ಕೆರೆತ ಬರುತ್ತದೆ ಎಂದು ಡಾಕ್ಟರು ಹೇಳಿದ ಮಾರನೆಯ ದಿನವೇ ಹಚ್ಚಿಕೊಂಡು ಕೂತವರು. ಸಿಸ್ಟರ್ ನಗಲಿಲ್ಲ. ಅವರು ಬೇರೆ ಏನಾದರೂ ಮಾತ್ರೆ ತೊಗೋತಾರಾ. ಹೌದು, ಸಕ್ಕರೆ ಕಾಯಿಲೆದು, ದಿನಕ್ಕೆ ಎರಡು. ಸಿಸ್ಟರ್ ಮುಖ ಒಂದು ಕ್ಷಣ ಬಿಗಿಯಾಯಿತು, ಈ ಮಾತ್ರೆಗೂ ಸಕ್ಕರೆ ಮಾತ್ರೆಗೂ ಆಗಿಬರಲ್ಲ ತಂಗಿ, ಇದು ಸಕ್ಕರೆ ಮಾತ್ರೆಯ ಅಂಶನ ಮೈಯಲ್ಲಿ ಜಾಸ್ತಿ ಮಾಡುತ್ತೆ, ವಯಸ್ಸಾದವರ ಕಿಡ್ನಿಗೂ ಒಳ್ಳೇದಲ್ಲ, ಊಟ ಸೇರ್ತಿದೆಯಾ ಅವರಿಗೆ, ತಲೆ ಸುತ್ತುತ್ತಾ — ಸೇರುತ್ತಿಲ್ಲ, ಹದಿನೈದು ದಿನದಿಂದ ಅರ್ಧ ತಟ್ಟೆ ಬಿಟ್ಟು ಏಳುತ್ತಾರೆ, ಮೊನ್ನೆ ಬಚ್ಚಲಿಂದ ಬರುವಾಗ ಗೋಡೆ ಹಿಡಿದು ನಿಂತಿದ್ದರು, ಏನತ್ತೆ ಎಂದರೆ ಏನಿಲ್ಲ, ಗೋಡೆ ಬೀಳದ ಹಾಗೆ ಹಿಡ್ಕೊಂಡಿದ್ದೀನಿ ಹೋಗು ಎಂದಿದ್ದರು, ಇವಳೂ ನಕ್ಕು ಹೋಗಿದ್ದಳು. ಸಿಸ್ಟರ್ ನೀಲಿ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಆ ಒಂಬತ್ತನ್ನೇ ನೋಡುತ್ತಾ ಕೂತಳು, ತಪ್ಪು ನಂದು, ಯಾರಾದರೂ ಕೇಳಿದರೆ ಶಕ್ತಿ ಮಾತ್ರೆ ಅಂತ ಹೇಳು ಎಂದು ಹೇಳಿಕೊಟ್ಟವಳು ನಾನೇ, ಎಷ್ಟು ಜನ ಹೆಂಗಸರಿಗೆ ಹೇಳಿಕೊಟ್ಟಿದ್ದೀನಿ, ಶಕ್ತಿ ಯಾರಿಗೆ ಬೇಡ ಹೇಳು, ಅದು ಹೊಳೀಲೇ ಇಲ್ಲ ನೋಡು ನನಗೆ. ಅಷ್ಟು ವರ್ಷ ಎಣಿಸಿದವಳ ದನಿ ಮೊದಲ ಸಲ ಕುಗ್ಗಿದ್ದು ಕಂಡು ಇವಳಿಗೇ ಅವಳ ಬೆನ್ನು ಸವರಬೇಕೆನಿಸಿತು. ಆಮೇಲೆ ಸಿಸ್ಟರ್ ಎದ್ದು ಕಪಾಟಿನಿಂದ ಹಳದಿ ಮಾತ್ರೆಯ ಸ್ಟ್ರಿಪ್ ತಂದಳು, ಇದು ನಿಜವಾದ ವಿಟಮಿನ್, ಇನ್ನು ಮೇಲೆ ಇದನ್ನ ಕೊಡು, ನಾಳೆ ಬೆಳಿಗ್ಗೆ ಸಕ್ಕರೆ ಪರೀಕ್ಷೆ ಅಂತ ಹೇಳಿ ಕರ್ಕೊಂಡು ಬಾ, ರಕ್ತ ನೋಡಿಸೋಣ, ಡಾಕ್ಟರಿಗೆ ನಾನು ಹೇಳ್ತೀನಿ, ನಿನ್ನ ವಿಷಯ ನಿಂದು, ಹೇಳೋದು ಬಿಡೋದು ನಿನಗೆ ಸೇರಿದ್ದು, ಆದರೆ ಆ ಬಿಳಿಯದು ಅವರ ಬಾಯಿಗೆ ಇವತ್ತಿಂದ ಹೋಗಕೂಡದು. ನಾನು ಬರಲಾ ಜೊತೆಗೆ ಎಂದಳು, ಇವಳು ಬೇಡ ಎಂದಳು, ಯಾಕೆ ಬೇಡ ಎಂದಳೋ, ಬಂದಿದ್ದರೆ ಚೆನ್ನಾಗಿತ್ತು.

ಬಿಸಿಲು. ಆಸ್ಪತ್ರೆಯ ಗೇಟಿನಿಂದ ಎಡಕ್ಕೆ, ಹಣ್ಣಿನ ಗಾಡಿ, ಸೈಕಲ್ ರಿಪೇರಿಯವನು ಟ್ಯೂಬನ್ನು ನೀರಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿದ್ದಾನೆ, ಎಲ್ಲವೂ ನೀರಿನ ಒಳಗಿಂದ ಕಂಡ ಹಾಗೆ ನಿಧಾನ, ಚೀಲದಲ್ಲಿ ಒಂದು ಕಡೆ ಬಿಳಿ, ಒಂದು ಕಡೆ ಹಳದಿ, ಹಳದಿ ಎಷ್ಟು ಸುಲಭ, ಅತ್ತೆ, ಆ ಕಂಪನಿಯವರು ಬಣ್ಣ ಬದಲಾಯಿಸಿದ್ದಾರೆ, ಇದು ಇನ್ನೂ ಒಳ್ಳೆಯದು — ನಾಲ್ಕೂವರೆ ವರ್ಷ ಸುಳ್ಳು ಹೇಳಿದ ಬಾಯಿಗೆ ಇನ್ನೊಂದು ಹೆಚ್ಚೇ, ಹೇಳದಿದ್ದರೆ ಅತ್ತೆಗೆ ನಷ್ಟವಿಲ್ಲ, ಕಿಡ್ನಿ ಉಳಿಯುತ್ತದೆ, ಮನೆ ಉಳಿಯುತ್ತದೆ, ಹೇಳಿದರೆ — ಹೇಳಿದರೆ ಬರೀ ತನ್ನದನ್ನು ಹೇಳಿದ ಹಾಗಾಗುವುದಿಲ್ಲ, ಅವನದನ್ನೂ ಹೇಳಬೇಕು, ಅದೇ ತೊಡಕು, ನಿನಗೆಲ್ಲಿಂದ ಬಂತು ಎಂದು ಅತ್ತೆ ಕೇಳುತ್ತಾರೆ, ಕೇಳದೆ ಬಿಡುತ್ತಾರೆಯೇ, ಆಗ ಬಾಯಿಗೆ ಬೀಗ ಹಾಕಿಕೊಂಡರೆ ತಾನು ಕೆಟ್ಟವಳು, ಬಾಯಿ ಬಿಟ್ಟರೆ ಸತ್ತವನು ಕೆಟ್ಟವನು. ಅವನಿಗೆಲ್ಲಿಂದ ಬಂತೆಂದು ಇವಳು ಒಂದೇ ಒಂದು ಸಲ ಕೇಳಿದ್ದಳು, ಅವನು ಕತ್ತರಿಯ ಸ್ಕ್ರೂ ಬಿಗಿಮಾಡುತ್ತಾ ಕೂತಿದ್ದವನು ತಲೆ ಎತ್ತಲೇ ಇಲ್ಲ, ಮದುವೆಗೆ ಮುಂಚೆ ಎಂದ, ಅಷ್ಟೇ, ಆ ಸ್ಕ್ರೂ ತಿರುಗಿ ತಿರುಗಿ ಇನ್ನು ತಿರುಗಲಾರದಷ್ಟು ಬಿಗಿಯಾಗಿತ್ತು. ಇದೇ ಮೂಲೆ, ಇಲ್ಲೇ ಇತ್ತು ಅವನ ಸಲೂನು, ಈಗ ಮೊಬೈಲ್ ಅಂಗಡಿ, ಕನ್ನಡಿಗಳನ್ನು ಮಾತ್ರ ಹಾಗೇ ಬಿಟ್ಟಿದ್ದಾರೆ, ಹಾದುಹೋಗುವಾಗ ಮೂರು ಕನ್ನಡಿಯಲ್ಲಿ ಮೂರು ಸಲ ತಾನೇ ಕಾಣುತ್ತಾಳೆ, ಕೆನ್ನೆ ತುಂಬಿಕೊಂಡವಳು, ಬದುಕಿದವಳು. ನನ್ನ ಕತ್ತಿಗೆ ಯಾರು ಕುತ್ತಿಗೆ ಕೊಡ್ತಾರೆ ಹೇಳು, ಒಬ್ಬ ಗಿರಾಕಿಗೆ ಗೊತ್ತಾದರೂ ಸಾಕು, ನಾಳೆಯಿಂದ ಬಾಗಿಲು ಹಾಕಬೇಕು — ಅವನು ಹೇಳುತ್ತಿದ್ದದ್ದು ಅದೊಂದೇ, ಆಸ್ಪತ್ರೆಯ ಸಾಲಿನಲ್ಲಿ ಟೋಪಿ ಮುಖಕ್ಕೆ ಎಳೆದುಕೊಂಡು ನಿಲ್ಲುತ್ತಿದ್ದ, ಸಿಸ್ಟರ್ ಇಬ್ಬರಿಗೂ ಒಂದೇ ದಿನ ಒಂದೇ ಥರದ ಡಬ್ಬಿ ಕೊಟ್ಟಿದ್ದಳು, ಶಕ್ತಿ ಮಾತ್ರೆ ಎಂಬ ಸುಳ್ಳನ್ನೂ ಇಬ್ಬರಿಗೂ ಕೊಟ್ಟಿದ್ದಳು, ಅವನು ಅದಕ್ಕೂ ಒಂದು ತಕರಾರು ತೆಗೆದ, ಗಂಡಸಿಗೆ ಯಾತಕ್ಕೋ ಶಕ್ತಿ ಮಾತ್ರೆ ಅಂತ ಅಮ್ಮ ಕೇಳಿದರೆ ಮರ್ಯಾದೆ ಏನಾಗಬೇಕು. ಆಗಲೂ ಇವಳು ನಕ್ಕಿದ್ದಳು.

ನಗಬಾರದಿತ್ತು. ಹಿಂದಿನ ಕೋಣೆಯ ಕಿಟಕಿ, ಹೊತ್ತು ಮೂಡುವ ಮುಂಚಿನ ಬೂದು ಬೆಳಕು, ಅವನು ಅತ್ತ ತಿರುಗಿ ನಿಂತಿದ್ದಾನೆ, ಇವಳು ಮಲಗಿದಲ್ಲಿಂದಲೇ ಗೋಡೆಯ ಕನ್ನಡಿಯಲ್ಲಿ ನೋಡುತ್ತಿದ್ದಾಳೆ, ಅಂಗೈ, ಅದರ ನಡುವೆ ಬಿಳಿ ಮಾತ್ರೆ, ಅವನು ಅದನ್ನೇ ನೋಡುತ್ತಾ ಬಹಳ ಹೊತ್ತು ನಿಂತ, ತಿನ್ನುತ್ತಾನೆ, ಈಗ ತಿನ್ನುತ್ತಾನೆ ಎಂದು ಇವಳು ಉಸಿರು ಹಿಡಿದಿದ್ದಳು, ಅವನು ಕೈಯನ್ನು ಕಿಟಕಿಯ ಆಚೆ ಚಾಚಿ ಮೆಲ್ಲಗೆ ವಾಲಿಸಿದ. ಎದ್ದು ಹೋಗಿ ಕೆಳಗೆ ನೋಡಿದರೆ ಚರಂಡಿಯ ಅಂಚಿನ ಹಸಿ ಮಣ್ಣಿನಲ್ಲಿ ಅಂಥವು ಎಷ್ಟೋ, ಕೆಲವು ಕರಗಿ ಸುಣ್ಣದ ಹಾಗೆ, ಕೆಲವು ಆಗಷ್ಟೇ ಬಿದ್ದವು, ಇವಳು ಬಯ್ದಳು, ಅತ್ತಳು, ಮಾತ್ರೆ ಪುಡಿ ಮಾಡಿ ಚಹಾಕ್ಕೆ ಹಾಕಿದಳು, ಕಹಿ ಎಂದು ಉಗುಳಿದ, ತಿಂದರೆ ಇದೆ ಅಂತ ಒಪ್ಪಿಕೊಂಡ ಹಾಗೆ ಕಣೇ, ನನಗೆ ಏನೂ ಆಗಿಲ್ಲ, ಲಿವರ್ ಸ್ವಲ್ಪ ಕೆಟ್ಟಿದೆ ಅಷ್ಟೇ — ಆರೇ ತಿಂಗಳು. ಸಿಟ್ಟು ಬರುತ್ತದೆ, ಈಗಲೂ ಬರುತ್ತದೆ, ನಡು ಬೀದಿಯಲ್ಲಿ ನಿಂತು ಬಯ್ಯಬೇಕೆನಿಸುತ್ತದೆ, ಮಾನಕ್ಕೆ ಅಂಜಿ ಪ್ರಾಣ ಬಿಟ್ಟೆಯಲ್ಲೋ ಪುಣ್ಯಾತ್ಮ, ನಿನ್ನ ಜೊತೆಗೇ ಶುರುಮಾಡಿದ ನಾನು ದಿನಾ ನಲವತ್ತು ಬೆಡ್‌ಶೀಟು ಇಸ್ತ್ರಿ ಮಾಡುತ್ತೇನೆ. ಕೊನೆಯ ವಾರ ಅವನನ್ನು ವಾರ್ಡಿನ ತುದಿಯ ಹಾಸಿಗೆಗೆ ಹಾಕಿದ್ದರು, ಊಟ ತರುವವನು ತಟ್ಟೆಯನ್ನು ಬಾಗಿಲ ಬಳಿಯೇ ಇಟ್ಟು ಹೋಗುತ್ತಿದ್ದ, ಎಣಿಕೆ ಸಿಸ್ಟರ್ ತನ್ನ ಡ್ಯೂಟಿ ಮುಗಿದ ಮೇಲೆ ಮೇಲಿನ ಮಹಡಿಗೆ ಬರುತ್ತಿದ್ದಳು, ಒದ್ದೆ ಬಟ್ಟೆ ಸುತ್ತಿದ ಬೆರಳಿನಿಂದ ಅವನ ಬಾಯೊಳಗಿನ ಹುಣ್ಣು ಒರೆಸುತ್ತಿದ್ದಳು, ಮಗ್ಗುಲು ಬದಲಿಸಿ ಬೆನ್ನಿಗೆ ಪೌಡರ್ ಹಾಕುತ್ತಿದ್ದಳು, ಬೆನ್ನಿನ ಮೂಳೆ ಒಂದೊಂದೂ ಕಾಣುತ್ತಿತ್ತು, ಒಂದು ದಿನ ಅವನು ಕೈಯಿಂದ ಗಡ್ಡ ತೋರಿಸಿದ, ಊರಿಗೆಲ್ಲ ಕ್ಷೌರ ಮಾಡಿದವನ ಮುಖದ ಮೇಲೆ ಇಪ್ಪತ್ತು ದಿನದ ಗಡ್ಡ, ಸಿಸ್ಟರ್ ಅವನದೇ ಪೆಟ್ಟಿಗೆ ತರಿಸಿ, ಎಲ್ಲ ರೋಗಿಗಳಿಗೂ ಹಾಕಿಕೊಳ್ಳುವ ಹಾಗೆ ಕೈಗವಸು ಹಾಕಿಕೊಂಡು, ನೊರೆ ಎಬ್ಬಿಸಿ, ಇದು ನಿಮ್ಮಷ್ಟು ಚೆನ್ನಾಗಿ ಬರಲ್ಲ ಮೇಷ್ಟ್ರೇ ಎನ್ನುತ್ತಾ ಬೋಳಿಸಿದಳು. ಅತ್ತೆ ಹಾಸಿಗೆಯ ಪಕ್ಕ ನಿಂತು ನೋಡಿದ್ದರು, ಈ ಹುಡುಗಿ ಕೈ ತುಂಬಾ ಹಗುರ ಎಂದಿದ್ದರು, ಏನು ಕಾಯಿಲೆ ಇವನಿಗೆ ಎಂದು ಅವಳನ್ನೇ ಕೇಳಿದ್ದರು, ಸಿಸ್ಟರ್ ಇವಳ ಮುಖ ನೋಡಿದಳು, ಅವನ ಮುಖ ನೋಡಿದಳು, ಡಾಕ್ಟರು ನೋಡ್ತಾ ಇದ್ದಾರಮ್ಮ ಎಂದು ನೊರೆ ಒರೆಸಿದಳು. ಆ ಸಂಜೆಯೇ ಅವನು ಹೇಳಿದ್ದು, ಅಮ್ಮನಿಗೆ ಹೇಳಬೇಡ, ಯಾವತ್ತೂ ಹೇಳಬೇಡ, ನಯವಾದ ಕೆನ್ನೆ, ಹೇಳಲ್ಲ ಬಿಡು ಎಂದಳು ಇವಳು, ಅಷ್ಟನ್ನು ಉಳಿಸಿಕೊಂಡು ಬಂದಿದ್ದಾಳೆ.

ಬಾಗಿಲು ತೆರೆದೇ ಇತ್ತು, ಅತ್ತೆ ಅಡಿಗೆಮನೆಯ ಮಣೆಯ ಮೇಲೆ ಕಾಲು ಚಾಚಿ ಕೂತಿದ್ದರು, ಮುಖ ಸ್ವಲ್ಪ ಬಾಡಿದೆ, ನೋಡಿದರೆ ಗೊತ್ತಾಗುತ್ತದೆ, ಇಷ್ಟು ದಿನ ನೋಡಲಿಲ್ಲವಲ್ಲ, ಬಂದ್ಯಾ, ನಿನ್ನ ಡಬ್ಬಿ ಎಲ್ಲಿ ಹೊತ್ಕೊಂಡು ಹೋಗಿದ್ದೆ, ಅತ್ತೆಗೆ ನಾಚಿಕೆ ಇಲ್ಲ ಸಂಕೋಚ ಇಲ್ಲ, ಕದ್ದೆ ಅಂತ ಬಯ್ಯೋದಾದರೆ ಬಯ್ದುಬಿಡು, ದಿನಾ ಒಂದು ತೊಗೊಂಡಿದ್ದೀನಿ, ಇವತ್ತಿಂದು ಬಾಕಿ ಇದೆ — ಇವಳು ಚಪ್ಪಲಿ ಬಿಟ್ಟು ಕಾಲು ತೊಳೆದು ಬರುವಷ್ಟರಲ್ಲಿ ಚೀಲಕ್ಕೆ ಕೈ ಹಾಕಿಯೇ ಬಿಟ್ಟಿದ್ದರು, ಹತ್ತಿ ತೆಗೆದು ನೆಲಕ್ಕೆ ಹಾಕಿದ್ದರು, ಎಡಗೈಯಲ್ಲಿ ನೀರಿನ ಲೋಟ, ಬಲಗೈ ಬಾಯಿಯ ಕಡೆಗೆ, ಇವಳು ಓಡಿ ಹೋಗಿ ಮಣಿಕಟ್ಟು ಹಿಡಿದುಕೊಂಡಳು, ತಾನು ಇಷ್ಟು ಗಟ್ಟಿಯಾಗಿ ಅತ್ತೆಯನ್ನು ಮುಟ್ಟಿದ್ದು ಇದೇ ಮೊದಲು. ಬೇಡ ಅತ್ತೆ, ಇದು ನಿಮಗಾಗಲ್ಲ, ಸಕ್ಕರೆ ಮಾತ್ರೆ ಜೊತೆ ಆಗಿಬರಲ್ಲವಂತೆ, ಅದಕ್ಕೇ ನಿಮಗೆ ಊಟ ಸೇರ್ತಿಲ್ಲ, ನಿಮಗೇ ಅಂತ ಬೇರೆ ತಂದಿದ್ದೀನಿ, ಹಳದಿದು, ಇದು ಇನ್ನೂ ಒಳ್ಳೇದು. ಸರಾಗವಾಗಿ ಬಂತು, ಬೀದಿಯುದ್ದಕ್ಕೂ ತಿದ್ದಿ ತೀಡಿಕೊಂಡು ಬಂದ ಮಾತಲ್ಲವೇ, ಅತ್ತೆ ಹಳದಿ ಸ್ಟ್ರಿಪ್ಪನ್ನು ನೋಡಿದರು, ಇವಳನ್ನು ನೋಡಿದರು, ಅದನ್ನು ಮೊಣಕೈಯಿಂದ ಆಚೆ ಸರಿಸಿದರು, ಊಟ ಸೇರದಿದ್ದರೆ ಅಷ್ಟೇ ಹೋಯ್ತು, ನನಗೆ ಬಿಳಿಯದೇ ಬೇಕು, ಇದನ್ನ ತಿಂದ ರಾತ್ರಿಯಿಂದ ಅವನು ಬರ್ತಿದ್ದಾನೆ ಕಣೇ, ನಾಲ್ಕು ವರ್ಷ ಎಷ್ಟು ಅತ್ತರೂ ಒಂದು ಸಲ ಮುಖ ತೋರಿಸಿರಲಿಲ್ಲ, ಈಗ ದಿನಾ ಬರ್ತಾನೆ, ತುಂಬಿದ ಮೈ, ಕೆಮ್ಮಿಲ್ಲ ಏನಿಲ್ಲ, ಇದನ್ನ ಕಿತ್ಕೊಂಡರೆ ನೀನು ನನ್ನ ಮಗನ್ನ ಕಿತ್ಕೊಂಡ ಹಾಗೆ.

ಮಣಿಕಟ್ಟಿನಲ್ಲಿ ನಾಡಿ ಬಡಿಯುತ್ತಿದೆ, ಅತ್ತೆಯದೋ ತನ್ನದೋ, ಕೈ ಬಿಡಲಿಲ್ಲ ಇವಳು, ಕನಸಿನಲ್ಲಿ ತುಂಬಿದ ಮೈ, ಅದೇ ಮೈ ಎಚ್ಚರದಲ್ಲೂ ಇರಬಹುದಿತ್ತು, ಈ ಹೊತ್ತಿಗೆ ಮೂಲೆಯ ಅಂಗಡಿಯಿಂದ ಊಟಕ್ಕೆ ಬರುತ್ತಿದ್ದ, ಕೊರಳಿನ ಮೇಲೆ ಯಾರದೋ ಸಣ್ಣ ಸಣ್ಣ ಕೂದಲು ಅಂಟಿಸಿಕೊಂಡು, ಅಮ್ಮ ಹಸಿವು ಎನ್ನುತ್ತಾ — ಅತ್ತೆ ಮಾತ್ರೆಯನ್ನೇ ನೋಡುತ್ತಾ ತಮ್ಮಷ್ಟಕ್ಕೆ ಹೇಳುತ್ತಿದ್ದಾರೆ, ದನಿಯಲ್ಲಿ ಈಗ ಹಟವಿಲ್ಲ, ಆಗ ನಮಗೆ ಯಾರೂ ಹೇಳಲೇ ಇಲ್ಲ ನೋಡು, ಎಷ್ಟು ಒಳ್ಳೇ ಮಾತ್ರೆ, ಕಡ್ಡಿ ಥರ ಇದ್ದ ನೀನೇ ಹೀಗೆ ಎದ್ದು ಕೂತೆ, ಇದು ಆಗಲೇ ಅವನಿಗೆ ಸಿಕ್ಕಿದ್ದರೆ ನನ್ನ ಮಗ ಉಳೀತಿದ್ದ. ಎಲ್ಲೋ ಕುಕ್ಕರ್ ಕೂಗಿ ನಿಂತಿತು. ಸುಮ್ಮನಿರಬಹುದು, ಹೂಂ ಅತ್ತೆ ಎಂದರೂ ಸಾಕು, ಹೇಳಲ್ಲ ಬಿಡು ಎಂದಿದ್ದಾಳೆ, ನಯವಾದ ಕೆನ್ನೆಯ ಮೇಲೆ ಕೈಯಿಟ್ಟು ಹೇಳಿದ್ದಾಳೆ, ಆದರೆ ಈ ಮುದುಕಿ ನಾಳೆಯೂ ಕದಿಯುತ್ತಾಳೆ, ನಾಡಿದ್ದೂ ಕದಿಯುತ್ತಾಳೆ, ಎಲ್ಲಿ ಬಚ್ಚಿಟ್ಟರೂ ಹುಡುಕುತ್ತಾಳೆ, ಮಗನನ್ನು ನೋಡಲು ಮಗನ ಔಷಧಿಯನ್ನೇ ತಿಂದು ತಿಂದು ಸಾಯುತ್ತಾಳೆ, ಈ ಮನೆಯಲ್ಲಿ ಬಾಯಿ ಮುಚ್ಚಿಕೊಂಡದ್ದಕ್ಕೆ ಒಬ್ಬರು ಹೋದದ್ದು ಸಾಕು, ಸಾಕು ಕಣೋ, ನನ್ನ ಕೈಲಿ ಇನ್ನಾಗುವುದಿಲ್ಲ —

ಸಿಕ್ಕಿತ್ತು ಅತ್ತೆ.

ಯಾರ ಬಾಯಿಂದ ಬಂತು ಅದು, ತನ್ನದೇ, ತನ್ನದೇ ದನಿ, ಅತ್ತೆ ತಲೆ ಎತ್ತಲಿಲ್ಲ, ಲೋಟದ ನೀರು ವಾಲಿ ಸೀರೆಯ ಮೇಲೆ ಚೆಲ್ಲುತ್ತಿದೆ, ಅವರಿಗೆ ತಿಳಿಯುತ್ತಿಲ್ಲ, ಹೇಳಬೇಕು, ಕಿಟಕಿ, ಚರಂಡಿ, ಟೋಪಿ ಎಳೆದುಕೊಂಡ ಮುಖ, ಕಾಯಿಲೆಯ ಹೆಸರು, ಎಲ್ಲವನ್ನೂ ಒಂದೊಂದಾಗಿ ಹೇಳಬೇಕು, ಮೊದಲು ಯಾವುದು, ಅವನದೋ ತನ್ನದೋ, ಕಣ್ಣು ಆ ಕಡೆಯಿಂದ ಕೀಳಲಾಗುತ್ತಿಲ್ಲ, ಅಂಗೈ, ಅದರ ನಡುವೆ ಬಿಳಿ ಮಾತ್ರೆ, ಬೆವರಿಗೆ ಅಂಚು ಕರಗಿ ರೇಖೆಗಳಲ್ಲಿ ಬಿಳಿ ಇಳಿಯುತ್ತಿದೆ, ಅಂಗೈ ಮುಚ್ಚುತ್ತಿಲ್ಲ, ಬಾಯಿಗೂ ಹೋಗುತ್ತಿಲ್ಲ, ಕೆಳಗೂ ಬೀಳುತ್ತಿಲ್ಲ, ಅಂಗೈ, ಅದರ ನಡುವೆ ಬಿಳಿ ಮಾತ್ರೆ